ಮಾರಿಸ್ ಮೈನರ್: ಮುಂದಿನ ಸಸ್ಪೆನ್ಶನ್‌ಗೆ ಹೊಸ ಪಾರ್ಟ್ ಹಾಕಿದ ಮೇಲೂ ಕಾಟ ತಪ್ಪಿಲ್ವಾ?

ಮಾರಿಸ್ ಮೈನರ್ ಅನ್ನುವ ಹಳೆಯ ಇಂಗ್ಲಿಷ್ ಕಾರಿನ ಮುಂಭಾಗ ಪೂರ್ತಿ ಬಿಚ್ಚಿದ್ದಾಯ್ತು. ಇಂಗ್ಲೆಂಡಿನಿಂದ ಕಿಂಗ್ ಪಿನ್ (ಚಕ್ರ ಎಡಬಲ ತಿರುಗುವ ನಿಂತ ಕಂಬಿ), ಟ್ರನಿಯನ್ (ಆ ಪಿನ್ನಿನ ತುದಿ ಕೂರುವ ಥ್ರೆಡ್ ಇರುವ ಲೋಹದ ಗೂಡು), ಬುಷ್ (ಜಾಯಿಂಟ್ ನಡುವಿನ ರಬ್ಬರ್ ಬಳೆ) ಸೆಟ್ ತರಿಸಿ, ಕಸ್ಟಮ್ಸ್ ಕಟ್ಟಿ, ಆರ್ಮ್‌ಗಳಿಗೆ ಕಪ್ಪು ಬಣ್ಣ ಹೊಡೆದು, ಎಲ್ಲ ಜೋಡಿಸಿ ರಸ್ತೆಗಿಳಿಸಿದರೆ ಸ್ಟೇರಿಂಗ್ ಮುಂಚೆಗಿಂತ ಗಟ್ಟಿ, ಬ್ರೇಕ್ ಒತ್ತಿದರೆ ಟಕ್ ಅನ್ನುತ್ತದೆ, ತಿರುವು ಮುಗಿದ ಮೇಲೆ ಚಕ್ರ ತಾನಾಗಿ ನೇರಕ್ಕೆ ಬರುವುದಿಲ್ಲ. ಆಗ ಎಲ್ಲರೂ ಮಾಡುವ ಕೆಲಸ ಒಂದೇ. ಬದಲಾಯಿಸದೆ ಬಿಟ್ಟ ಪಾರ್ಟ್ ಯಾವುದು ಅಂತ ಹುಡುಕಿ ಅದರ ಮೇಲೆ ತಪ್ಪು ಹೊರಿಸುವುದು. ಸ್ಟೇರಿಂಗ್ ರ‍್ಯಾಕ್ (ಸ್ಟೇರಿಂಗ್ ತಿರುವನ್ನು ಚಕ್ರಗಳಿಗೆ ಮುಟ್ಟಿಸುವ ಹಲ್ಲಿನ ಸರಳು) ಹೋಗಿದೆ ಅಂತಾರೆ, ಅದನ್ನೂ ಬಿಚ್ಚುತ್ತಾರೆ, ಮತ್ತೆ ಖರ್ಚು.

ಉಲ್ಟಾ ಯೋಚನೆ ಮಾಡಿ. ಬಿಚ್ಚುವ ಮುಂಚೆ ಇಲ್ಲದ ತೊಂದರೆ ಜೋಡಿಸಿದ ಮೇಲೆ ಬಂದಿದ್ದರೆ, ಮೊದಲ ಅನುಮಾನ ಹೊಸ ಪಾರ್ಟ್ ಮೇಲೆ ಮತ್ತು ಅದನ್ನು ಕೂರಿಸಿದ ರೀತಿಯ ಮೇಲೆ ಇರಬೇಕು. ಡಬ್ಬಿಯಿಂದ ಈಗಷ್ಟೇ ಬಂದಿದೆ ಅನ್ನುವುದು ಯಾವ ಪಾರ್ಟ್‌ಗೂ ಸರ್ಟಿಫಿಕೇಟ್ ಅಲ್ಲ. ಈ ಬರಹ ಇರುವುದೇ ಅದಕ್ಕೆ. ಯಾವ ಜಾಯಿಂಟ್ ಅಲುಗುತ್ತಿದೆ, ಯಾವುದು ಹಿಡಿಯುತ್ತಿದೆ ಅಂತ ಕೈಯಲ್ಲೇ ಪತ್ತೆ ಮಾಡುವುದು, ಆಮೇಲಷ್ಟೇ ಸ್ಪ್ಯಾನರ್ ಹಿಡಿಯುವುದು.

ನಾನು ಹೇಳುತ್ತಿರುವುದು 1948ರಿಂದ 1971ರವರೆಗೆ ಬಂದ ಮೈನರ್ ಬಗ್ಗೆ. 918, 803, 948, 1098 ಸಿಸಿ, ಯಾವ ಇಂಜಿನ್ ಇದ್ದರೂ ಮುಂದಿನ ಸಸ್ಪೆನ್ಶನ್‌ನ ಮೂಲ ವಿನ್ಯಾಸ ಒಂದೇ. ಅಲೆಕ್ ಇಸಿಗೋನಿಸ್ ಮುಂದೆ ಮಿನಿ ಕಾರು ಮಾಡಿದವರು, ಇದು ಅದಕ್ಕೂ ಮುಂಚಿನ ಅವರ ಕೆಲಸ. ನಮ್ಮ ದೇಶದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಇದನ್ನು ಬೇಬಿ ಹಿಂದುಸ್ತಾನ್ ಅಂತ ಮಾರಿತ್ತು, ಹಾಗಾಗಿ ಅಲ್ಲೊಂದು ಇಲ್ಲೊಂದು ಹಳೆಯ ಶೆಡ್ಡಿನಲ್ಲಿ ಇನ್ನೂ ಸಿಗುತ್ತವೆ. ಇದರ ಮುಂದಿನ ಸ್ಪ್ರಿಂಗ್ ಅಂದರೆ ಟಾರ್ಶನ್ ಬಾರ್, ತಿರುಚಿಕೊಂಡು ಭಾರ ಹೊರುವ ಉಕ್ಕಿನ ಕಂಬಿ. ಅಂಬಾಸಡರ್ ಮೆಕ್ಯಾನಿಕ್‌ಗೆ ಅದು ಹೊಸದೇನಲ್ಲ. ಆದರೆ "ಅಂಬಾಸಡರ್ ಪಾರ್ಟ್ ಇದಕ್ಕೂ ಆಗುತ್ತೆ ಸಾರ್" ಅಂದರೆ ನಂಬಬೇಡಿ. ಅಂಬಾಸಡರ್ ಬಂದದ್ದು ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ. ಮನೆತನ ಒಂದೇ, ಅಳತೆ ಬೇರೆ.

ಭಾರ ಹೋಗುವ ದಾರಿ

ಇದೊಂದು ತಲೆಗೆ ಹತ್ತಿದರೆ ಅರ್ಧ ಕೆಲಸ ಮುಗಿದ ಹಾಗೆ. ರಸ್ತೆಯಿಂದ ಬಂದ ಭಾರ ಚಕ್ರಕ್ಕೆ, ಚಕ್ರದಿಂದ ಹಬ್‌ಗೆ, ಹಬ್‌ನಿಂದ ಕಿಂಗ್ ಪಿನ್‌ಗೆ ಹೋಗುತ್ತದೆ. ಕಿಂಗ್ ಪಿನ್‌ನ ಎರಡೂ ತುದಿಯಲ್ಲಿ ಥ್ರೆಡ್ ಇದೆ. ಕೆಳತುದಿ ಕೆಳಗಿನ ಟ್ರನಿಯನ್ ಒಳಗೆ ಕೂರುತ್ತದೆ, ಟ್ರನಿಯನ್ ಲೋವರ್ ಆರ್ಮ್‌ಗೆ ಪಿನ್ ಮೂಲಕ ಸೇರುತ್ತದೆ, ಆರ್ಮ್‌ನ ಒಳತುದಿಯಲ್ಲಿ ಟಾರ್ಶನ್ ಬಾರ್. ಆ ಬಾರ್ ಕಾರಿನ ಉದ್ದಕ್ಕೆ ಹಿಂದೆ ಹೋಗಿ ಸೀಟಿನ ಕೆಳಗಿನ ಅಡ್ಡ ತೊಲೆ, ಅಂದರೆ ಕ್ರಾಸ್ ಮೆಂಬರ್‌ನಲ್ಲಿ ಬಿಗಿದುಕೊಂಡಿರುತ್ತದೆ. ಸ್ಟೇರಿಂಗ್ ತಿರುಗಿಸಿದಾಗ ಕಿಂಗ್ ಪಿನ್ ಆ ಥ್ರೆಡ್‌ನಲ್ಲೇ ತಿರುಗುವುದು. ಅಂದರೆ ಇಲ್ಲಿ ಥ್ರೆಡ್ ಕೆಲಸ ಬಿಗಿಯುವುದಲ್ಲ, ಬೇರಿಂಗ್ ಆಗಿರುವುದು.

ಈಗ ಯೋಚಿಸಿ. ರಸ್ತೆ ಪಿನ್ನನ್ನು ಮೇಲಕ್ಕೆ ತಳ್ಳುತ್ತದೆ, ಕಾರಿನ ಭಾರ ಟ್ರನಿಯನ್ನನ್ನು ಕೆಳಕ್ಕೆ ಒತ್ತುತ್ತದೆ. ಪಿನ್ ಟ್ರನಿಯನ್‌ನಿಂದ ಹೊರಗೆ ಕಿತ್ತು ಬರಲು ಸದಾ ಎಳೆದಾಡುತ್ತಲೇ ಇರುತ್ತದೆ, ಹಿಡಿದಿಟ್ಟುಕೊಂಡಿರುವುದು ಆ ಥ್ರೆಡ್ ಮಾತ್ರ. ಗ್ರೀಸ್ ಇಲ್ಲದೆ, ನೀರು ಹೋಗಿ, ತುಕ್ಕು ಹಿಡಿದು ಥ್ರೆಡ್ ಸವೆದರೆ ಒಂದು ದಿನ ಪಿನ್ ಕಿತ್ತು ಬರುತ್ತದೆ, ಚಕ್ರ ಮಡ್‌ಗಾರ್ಡ್ ಕೆಳಗೆ ಮಡಚಿಕೊಂಡು ಕಾರು ಮೂಗು ನೆಲಕ್ಕಿಡುತ್ತದೆ. ಮೈನರ್ ಇಟ್ಟವರಿಗೆಲ್ಲ ಇದು ಗೊತ್ತಿರುವ ಭಯ. ಸಾಮಾನ್ಯವಾಗಿ ಆಗುವುದು ನಿಧಾನವಾಗಿ ಪಾರ್ಕ್ ಮಾಡುವಾಗ, ಸ್ಟೇರಿಂಗ್ ಫುಲ್ ಕಟ್ ಮಾಡಿದಾಗ. ಅದೊಂದು ಪುಣ್ಯ.

ಮೇಲ್ಗಡೆ ಬೇರೆ ಅಪ್ಪರ್ ಆರ್ಮ್ ಇಲ್ಲ. ಆರ್ಮ್‌ಸ್ಟ್ರಾಂಗ್ ಲಿವರ್ ಶಾಕ್ ಅಬ್ಸಾರ್ಬರ್‌ನ ಕೈಯೇ ಅಪ್ಪರ್ ಆರ್ಮ್. ಮೇಲಿನ ಟ್ರನಿಯನ್ ಆ ಕೈಗೆ ರಬ್ಬರ್ ಬುಷ್ ಮೂಲಕ ಸೇರುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಜ್ಯಾಕ್ ಎಲ್ಲಿ ಕೊಡಬೇಕು

ಪ್ಲೇ, ಅಂದರೆ ಜಾಯಿಂಟ್ ಎಷ್ಟು ಸಡಿಲ ಅನ್ನುವುದನ್ನು ನೋಡುವಾಗ ಬಹಳ ಜನ ಚಾಸಿ ಕೆಳಗೆ ಜ್ಯಾಕ್ ಕೊಡುತ್ತಾರೆ. ಹಾಗೆ ಮಾಡಿದರೆ ಟಾರ್ಶನ್ ಬಾರ್ ಆರ್ಮನ್ನು ಕೆಳಕ್ಕೆ ಒತ್ತಿಕೊಂಡೇ ಇರುತ್ತದೆ, ಜಾಯಿಂಟ್ ಬಿಗಿದುಕೊಂಡಿರುತ್ತದೆ, ಸವೆದಿದ್ದರೂ ಚೆನ್ನಾಗಿದೆ ಅನ್ನಿಸುತ್ತದೆ. ಸ್ಪ್ರಿಂಗ್ ಕೆಲಸ ಮಾಡುವುದು ಲೋವರ್ ಆರ್ಮ್ ಮೇಲೆ, ಆದ್ದರಿಂದ ಜ್ಯಾಕ್ ಲೋವರ್ ಆರ್ಮ್‌ನ ಹೊರತುದಿಗೆ ಕೊಡಿ. ಆಗ ಬಾರ್‌ನ ಬಲವನ್ನು ಜ್ಯಾಕ್ ತಡೆಯುತ್ತದೆ, ಚಕ್ರ ಸುಮ್ನೆ ನೇತಾಡುತ್ತದೆ, ಜಾಯಿಂಟ್‌ನಲ್ಲಿ ಎಷ್ಟು ಪ್ಲೇ ಇದೆಯೋ ಅಷ್ಟೂ ಕಾಣುತ್ತದೆ. ಚಾಸಿ ಕೆಳಗೆ ಸ್ಟ್ಯಾಂಡ್, ಹಿಂದಿನ ಚಕ್ರಕ್ಕೆ ಕಲ್ಲು. ಇಟ್ಟಿಗೆ ಪೇರಿಸಿ ಕೆಳಗೆ ತೂರಿಕೊಳ್ಳುವವರ ಜೊತೆ ನಾನು ಮಾತಾಡುವುದಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಆರ್ಮ್ ಕೆಳಗೆ ಜ್ಯಾಕ್ ಇಲ್ಲದೆ ಕಿಂಗ್ ಪಿನ್ ಕಡೆಯ ಯಾವ ಜಾಯಿಂಟನ್ನೂ ಬಿಚ್ಚಬೇಡಿ. ತಿರುಚಿಕೊಂಡಿರುವ ಟಾರ್ಶನ್ ಬಾರ್ ಆರ್ಮನ್ನು ಕೆಳಕ್ಕೆ ಬಡಿಯುತ್ತದೆ. ಆ ದಾರಿಯಲ್ಲಿ ಕೈ ಇದ್ದರೆ ಕೈ ಹೋಯ್ತು. ಬಿಚ್ಚಿದ ಮೇಲೆ ಜ್ಯಾಕನ್ನು ನಿಧಾನಕ್ಕೆ ಇಳಿಸುತ್ತಾ ಬಾರ್ ಸಡಿಲ ಮಾಡಿ.

ಚಕ್ರ ಅಲುಗುತ್ತಿದೆ. ಯಾವುದು?

ಟೈರಿನ ಮೇಲೆ ಒಂದು ಕೈ, ಕೆಳಗೆ ಒಂದು ಕೈ. ಒಳಕ್ಕೆ ಹೊರಕ್ಕೆ ಅಲ್ಲಾಡಿಸಿ. ಅಲುಗಿದರೆ ಒಳಗೆ ಒಬ್ಬರನ್ನು ಕೂರಿಸಿ ಬ್ರೇಕ್ ಗಟ್ಟಿಯಾಗಿ ಒತ್ತಲು ಹೇಳಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ವೀಲ್ ಬೇರಿಂಗ್. ನಿಲ್ಲದೇ ಹಾಗೇ ಇದ್ದರೆ ಬೇರಿಂಗ್ ಅಲ್ಲ, ಅದರಾಚೆಗಿನದು.

ವೀಲ್ ಬೇರಿಂಗ್ ಅಂತ ಗೊತ್ತಾದರೂ ಹೊಸ ಬೇರಿಂಗ್ ತರಲು ಓಡಬೇಡಿ. ಮೈನರ್‌ನ ಮುಂದಿನ ಹಬ್‌ನಲ್ಲಿ ಇರುವುದು ಬಾಲ್ ಬೇರಿಂಗ್, ನಡುವೆ ಒಂದು ಸ್ಪೇಸರ್. ನಮ್ಮ ಮೆಕ್ಯಾನಿಕ್‌ಗಳಿಗೆ ಟೇಪರ್ ಬೇರಿಂಗ್ ಅಭ್ಯಾಸ, ನಟ್ ಬಿಗಿದು ಸ್ವಲ್ಪ ಹಿಂದಕ್ಕೆ ಬಿಡುವುದು ರೂಢಿ. ಇಲ್ಲಿ ಹಾಗೆ ಬಿಟ್ಟರೆ ಹೊಸ ಬೇರಿಂಗ್‌ನಲ್ಲೂ ಪ್ಲೇ ಬರುತ್ತದೆ. ನಟ್ ಪೂರ್ತಿ ಬಿಗಿಯಬೇಕು, ಅಂತರ ನೋಡಿಕೊಳ್ಳುವುದು ಸ್ಪೇಸರ್ ಕೆಲಸ. ಇದರ ಉಲ್ಟಾ ಪ್ರಕರಣವೂ ಇದೆ. ಹಳೆಯ ಬೇರಿಂಗ್ ತೆಗೆಯುವಾಗ ಸ್ಪೇಸರ್ ಎಲ್ಲೋ ಉರುಳಿ ಹೋಗಿ, ಅದಿಲ್ಲದೆ ನಟ್ ಬಿಗಿದರೆ ಬೇರಿಂಗ್ ಹಿಸುಕಿಕೊಂಡು ಸ್ವಲ್ಪ ದೂರ ಓಡಿಸಿದ ಕೂಡಲೇ ಹಬ್ ಬಿಸಿಯಾಗುತ್ತದೆ.

ಬ್ರೇಕ್ ಒತ್ತಿದರೂ ಅಲುಗಾಟ ಹೋಗದಿದ್ದರೆ ಮುಂದಿನ ಹೆಜ್ಜೆ. ಟೈರಿನ ಕೆಳಗೆ ಒಂದು ಹಾರೆ ತೂರಿಸಿ ಮೆಲ್ಲಗೆ ಮೇಲಕ್ಕೆ ಎತ್ತಿ, ಬಿಡಿ, ಎತ್ತಿ, ಬಿಡಿ. ಇನ್ನೊಬ್ಬರು ಟಾರ್ಚ್ ಹಿಡಿದು ಕೆಳಗಿನ ಟ್ರನಿಯನ್ ನೋಡಬೇಕು. ಬರೀ ನೋಡುವುದಕ್ಕಿಂತ ಬೆರಳು ಇಡುವುದು ಒಳ್ಳೆಯದು, ಬೆರಳಿನ ಅರ್ಧ ಪಿನ್ ಮೇಲೆ, ಅರ್ಧ ಟ್ರನಿಯನ್ ಮೇಲೆ. ಕಣ್ಣಿಗೆ ಕಾಣದ ಅಲುಗಾಟ ಬೆರಳಿಗೆ ಗೊತ್ತಾಗುತ್ತದೆ. ಪಿನ್ ಮೇಲೆ ಕೆಳಗೆ ಹೋಗಿ ಟ್ರನಿಯನ್ ಅಲ್ಲೇ ನಿಂತಿದ್ದರೆ ಥ್ರೆಡ್ ಸವೆದಿದೆ.

"ಟ್ರನಿಯನ್ ಹೊಸದು, ಹೇಗೆ ಸವೆಯುತ್ತೆ?" ಅನ್ನಬಹುದು. ಹೊಸ ಟ್ರನಿಯನ್ನನ್ನು ಹಳೆಯ ಪಿನ್‌ಗೆ ಹಾಕಿದ್ದೀರಾ ನೋಡಿ. ಸವೆಯುವುದು ಎರಡೂ. ಹಳೆಯ ಪಿನ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿಯಿರಿ. ಥ್ರೆಡ್‌ನ ನೆತ್ತಿ ಮೇಲ್ಭಾಗದಲ್ಲೂ ತುದಿಯಲ್ಲೂ ಅಗಲವಾಗಿದ್ದು, ನಡುವೆ ಕತ್ತಿಯ ಅಲಗಿನ ಹಾಗೆ ಚೂಪಾಗಿದ್ದರೆ ಅದು ಮುಗಿದ ಪಿನ್. ಅದರ ಮೇಲೆ ಎಷ್ಟೇ ದುಬಾರಿ ಟ್ರನಿಯನ್ ಹಾಕಿದರೂ ಲೊಡಲೊಡ ಅನ್ನುವುದೇ. ಪಿನ್ ಮತ್ತು ಟ್ರನಿಯನ್ ಸೆಟ್ ಆಗಿಯೇ ಬದಲಾಯಿಸಬೇಕು, ಉಳಿತಾಯ ಮಾಡುವ ಜಾಗ ಇದಲ್ಲ.

ಕೆಳಗಡೆ ಏನೂ ಅಲುಗದೆ, ಮೇಲ್ಗಡೆ ಅಲುಗುತ್ತಿದ್ದರೆ? ಈಗ ಶಾಕ್ ಅಬ್ಸಾರ್ಬರ್ ನೆನಪಿಸಿಕೊಳ್ಳಿ. ಅದರ ಕೈ ಕೂತಿರುವ ಸ್ಪಿಂಡಲ್ ಸವೆದರೆ ಇಡೀ ಕಿಂಗ್ ಪಿನ್ ಮೇಲ್ತುದಿ ಒಳಕ್ಕೆ ಹೊರಕ್ಕೆ ಹೋಗುತ್ತದೆ, ನೋಡುವವರಿಗೆ ಮೇಲಿನ ಟ್ರನಿಯನ್ ಹೋಗಿದೆ ಅನ್ನಿಸುತ್ತದೆ. ಬೆರಳನ್ನು ಟ್ರನಿಯನ್‌ನಿಂದ ತೆಗೆದು ಸ್ಪಿಂಡಲ್ ಬಾಡಿಯಿಂದ ಹೊರಗೆ ಬರುವ ಜಾಗದಲ್ಲಿ ಇಡಿ. ಅಲ್ಲಿ ಎಣ್ಣೆ ಜಿನುಗಿದ ಗುರುತೂ ಇದ್ದರೆ ಇನ್ನು ಅನುಮಾನ ಬೇಡ. ಹಾಗೇ ಶಾಕ್ ಅಬ್ಸಾರ್ಬರ್ ಬಾಡಿಯನ್ನು ಹಿಡಿದಿರುವ ಬೋಲ್ಟ್‌ಗಳನ್ನೂ ನೋಡಿ. ಅವು ಸಡಿಲವಾಗಿ ಬಾಡಿಯೇ ಅಲುಗುತ್ತಿದ್ದರೆ ಅದೂ ಇದೇ ಲಕ್ಷಣ ಕೊಡುತ್ತದೆ, ಆದರೆ ಖರ್ಚು ಮಾತ್ರ ಸೊನ್ನೆ.

ಟೈರಿನ ಎಡಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಪ್ಲೇ ಇದ್ದರೆ ಅದು ಸ್ಟೇರಿಂಗ್ ಕಡೆಯದು, ಟೈ ರಾಡ್ ಎಂಡ್ (ಸ್ಟೇರಿಂಗ್ ಸರಳನ್ನು ಚಕ್ರಕ್ಕೆ ಸೇರಿಸುವ ತುದಿಯ ಜಾಯಿಂಟ್) ಅಥವಾ ರ‍್ಯಾಕ್. ಕಾರು ನೆಲದ ಮೇಲೆ ನಿಂತಿರುವಾಗ ಒಬ್ಬರು ಸ್ಟೇರಿಂಗ್ ವೀಲ್ ಸ್ವಲ್ಪ ಸ್ವಲ್ಪ ಎಡಕ್ಕೆ ಬಲಕ್ಕೆ ಆಡಿಸುತ್ತಿರಲಿ, ಇನ್ನೊಬ್ಬರು ಒಂದೊಂದೇ ಜಾಯಿಂಟ್ ಮೇಲೆ ಕೈ ಇಟ್ಟುಕೊಂಡು ಹೋದರೆ ಸಾಕು, ಸಿಕ್ಕಿಬಿಡುತ್ತದೆ.

ಸ್ಟೇರಿಂಗ್ ಗಟ್ಟಿ, ತಿರುವಿನಿಂದ ವಾಪಸ್ ಬರಲ್ಲ

ಹೊಸದಾಗಿ ಜೋಡಿಸಿದ ಮೈನರ್‌ಗಳಲ್ಲಿ ಜಾಸ್ತಿ ಕಾಣುವ ತೊಂದರೆ ಇದೇ. ಮೊದಲು ಟೈರ್ ಗಾಳಿ ನೋಡಿ, ನಗಬೇಡಿ, ನಿಜಕ್ಕೂ ಅದೇ ಕಾರಣ ಇರುತ್ತದೆ. ಆಮೇಲೆ ಮುಂಭಾಗ ಎತ್ತಿ ಎರಡೂ ಕಡೆಯ ಟೈ ರಾಡ್ ಎಂಡ್ ಬಿಚ್ಚಿ. ಈಗ ಎರಡು ಚಕ್ರ ಮತ್ತು ರ‍್ಯಾಕ್ ಮೂರೂ ಬೇರೆ ಬೇರೆ ಆದವು. ಒಳಗೆ ಕೂತು ಸ್ಟೇರಿಂಗ್ ತಿರುಗಿಸಿ, ಹಗುರವಾಗಿ ತಿರುಗಿದರೆ ರ‍್ಯಾಕ್ ನಿರಪರಾಧಿ. ಆಮೇಲೆ ಒಂದೊಂದೇ ಚಕ್ರ ಕೈಯಲ್ಲಿ ಹಿಡಿದು ಒಂದು ಲಾಕ್‌ನಿಂದ (ಚಕ್ರ ತಿರುಗುವ ಕೊನೆಯ ಮಿತಿಯಿಂದ) ಇನ್ನೊಂದು ಲಾಕ್‌ವರೆಗೆ ತಿರುಗಿಸಿ. ಎರಡೂ ಕಡೆ ಒಂದೇ ಥರ ಅನ್ನಿಸಬೇಕು, ನಡುವೆ ಎಲ್ಲೂ ಹಿಡಿಯಬಾರದು.

ಒಂದು ಕಡೆ ಗಟ್ಟಿ ಇದ್ದರೆ ಎಲ್ಲಿ ಗಟ್ಟಿ ಅನ್ನುವುದು ಮುಖ್ಯ. ಉದ್ದಕ್ಕೂ ಒಂದೇ ಸಮ ಗಟ್ಟಿ ಇದ್ದರೆ ಥ್ರೆಡ್ ಬಿಗಿ, ಅಥವಾ ಗ್ರೀಸ್ ಒಳಗೆ ಹೋಗಿಲ್ಲ. ಒಂದು ಲಾಕ್ ಹತ್ತಿರ ಬಂದಾಗ ಮಾತ್ರ ಹಿಡಿದರೆ ಟ್ರನಿಯನ್ ಹಾಕಿದ ರೀತಿ ತಪ್ಪು.

ಇತ್ತೀಚೆಗೆ ನೋಡಿದ ಒಂದು ಬೂದು ಬಣ್ಣದ ಮೈನರ್ 1000ದಲ್ಲಿ ಇದೇ ಆಗಿತ್ತು. ಬಲಗಡೆ ಚಕ್ರ ಒಂದು ದಿಕ್ಕಿಗೆ ಸಲೀಸು, ಇನ್ನೊಂದು ದಿಕ್ಕಿಗೆ ಲಾಕ್‌ಗೆ ಇನ್ನೂ ಸ್ವಲ್ಪ ಇರುವಾಗಲೇ ಗೋಡೆಗೆ ತಾಗಿದ ಹಾಗೆ ನಿಲ್ಲುತ್ತಿತ್ತು. ಬಲವಾಗಿ ಒತ್ತಿದರೆ ಕರ್ ಅನ್ನುತ್ತಿತ್ತು. ಜೋಡಿಸಿದ ವರ್ಕ್‌ಶಾಪಿನವರು ಕೆಳಗಿನ ಟ್ರನಿಯನ್ನನ್ನು ಪಿನ್ ಮೇಲೆ ಕೊನೆಯವರೆಗೂ ತಿರುಗಿಸಿ ಹಾಗೇ ಬಿಟ್ಟಿದ್ದರು. ನಟ್ ಬಿಗಿಯುವ ಕೈಗೆ ಅದೇ ಸಹಜ, ಅಲ್ವಾ? ಆದರೆ ಇಲ್ಲಿ ಟ್ರನಿಯನ್ ಪೂರ್ತಿ ಒಳಕ್ಕೆ ಹೋದ ಮೇಲೆ ಹಿಂದಕ್ಕೆ ಬಿಡಬೇಕು, ಎರಡೂ ಕಡೆಯ ಫುಲ್ ಲಾಕ್‌ವರೆಗೆ ಪಿನ್ ತಿರುಗಲು ಜಾಗ ಉಳಿಯುವಷ್ಟು. ಬಿಟ್ಟ ಮೇಲೆ ಆರ್ಮ್ ಜೋಡಿಸುವ ಮುಂಚೆಯೇ ಸ್ಟಬ್ ಆಕ್ಸಲ್ಲನ್ನು (ಚಕ್ರ ಕೂರುವ ಗಿಡ್ಡ ಆಕ್ಸಲ್) ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಬೇಕು. ಪಿನ್‌ನ ಬುಡಕ್ಕೆ ಟ್ರನಿಯನ್ ತಾಗುತ್ತಿದ್ದರೆ ಪ್ರತಿ ಫುಲ್ ಕಟ್‌ನಲ್ಲೂ ಥ್ರೆಡ್‌ನ ಮೇಲೆ ಬೇಡದ ಬಲ ಬೀಳುತ್ತದೆ. ತುಂಬ ಹಿಂದಕ್ಕೆ ಬಿಟ್ಟರೂ ತಪ್ಪೇ, ಥ್ರೆಡ್ ಹಿಡಿತ ಕಮ್ಮಿಯಾಗುತ್ತದೆ. ಆ ಕಾರಿನಲ್ಲಿ ಬೇರೆ ಯಾವ ಪಾರ್ಟೂ ಬೇಕಾಗಲಿಲ್ಲ. ಬಿಚ್ಚಿ, ಹಿಂದಕ್ಕೆ ಬಿಟ್ಟು, ಜೋಡಿಸಿದರು. ರ‍್ಯಾಕ್‌ಗೆ ಆರ್ಡರ್ ಹಾಕಲು ಮಾಲೀಕರು ಮೊಬೈಲ್ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು.

ಥ್ರೆಡ್‌ನ ದಿಕ್ಕು ಇನ್ನೊಂದು ಜಗಳ. ಒಂದು ಕಡೆಯ ಪಿನ್‌ಗೆ ಬಲಗೈ ಥ್ರೆಡ್, ಇನ್ನೊಂದು ಕಡೆಗೆ ಎಡಗೈ ಥ್ರೆಡ್. ಡಬ್ಬಿಯ ಮೇಲಿನ ಚೀಟಿಯನ್ನು ನಂಬದೆ, ಬಂದ ಕೂಡಲೇ ಟ್ರನಿಯನ್ನನ್ನು ಅದರ ಪಿನ್ ಮೇಲೆ ಕೈಯಲ್ಲೇ ಓಡಿಸಿ. ಗ್ರೀಸ್ ಬೇಡ, ಹಗುರ ಎಣ್ಣೆ ಸಾಕು. ಬೆರಳಲ್ಲಿ ತಿರುಗಿಸಿದರೆ ಕೊನೆಯವರೆಗೂ ನಯವಾಗಿ ಹೋಗಬೇಕು, ಎಲ್ಲೂ ಕಚ್ಚಬಾರದು. ಅರ್ಧ ದಾರಿಯಲ್ಲಿ ನಿಲ್ಲಿಸಿ ಅಲ್ಲಾಡಿಸಿ, ಲೊಡಲೊಡ ಅನ್ನಬಾರದು. ಸ್ಪ್ಯಾನರ್ ಹಾಕಿ ತಿರುಗಿಸಬೇಕಾದಷ್ಟು ಬಿಗಿ ಇದ್ದರೆ "ಓಡ್ತಾ ಓಡ್ತಾ ಸರಿಹೋಗುತ್ತೆ" ಅನ್ನುವ ಮಾತು ಕೇಳಬೇಡಿ. ಬಿಗಿಯಾಗಿ ತಿರುಗುವ ಥ್ರೆಡ್ ತನ್ನ ಲೋಹವನ್ನೇ ಕಿತ್ತುಕೊಂಡು ಹಿಡಿಯುತ್ತದೆ. ಮೊದಲು ಥ್ರೆಡ್ ಒಳಗೆ ಲೋಹದ ಚೂರು ಅಥವಾ ಒಣಗಿದ ಬಣ್ಣ ಇದೆಯಾ ನೋಡಿ, ಬ್ರಷ್ ಹಾಕಿ ತೊಳೆಯಿರಿ. ಆಮೇಲೂ ಬಿಗಿ ಇದ್ದರೆ ವಾಪಸ್ ಕಳಿಸಿ.

ಗ್ರೀಸ್ ಬಗ್ಗೆ. ಟ್ರಯಂಫ್ ಹೆರಾಲ್ಡ್ ಇಟ್ಟ ಗೆಳೆಯರು ಟ್ರನಿಯನ್‌ಗೆ ಗೇರ್ ಆಯಿಲ್ ಹಾಕಬೇಕು ಅಂತ ಖಂಡಿತ ಹೇಳುತ್ತಾರೆ, ಅವರ ಕಾರಿಗೆ ಅದು ಸರಿ. ಮೈನರ್‌ಗೆ ಗ್ರೀಸ್. ಪಂಪ್ ಮಾಡುವಾಗ ಚಕ್ರ ಎತ್ತಿರಬೇಕು. ಭಾರ ಬಿದ್ದಿದ್ದರೆ ಥ್ರೆಡ್‌ನ ಒಂದು ಮುಖ ಇನ್ನೊಂದಕ್ಕೆ ಒತ್ತಿಕೊಂಡಿರುತ್ತದೆ, ಗ್ರೀಸ್ ಬೇಕಾದ ಜಾಗಕ್ಕೇ ಹೋಗುವುದಿಲ್ಲ, ಬೇಡದ ಕಡೆಯಿಂದ ಹೊರಗೆ ಬಂದು ತುಂಬಿತು ಅನ್ನಿಸುತ್ತದೆ. ಎತ್ತಿ, ಪಂಪ್ ಮಾಡಿ, ಚಕ್ರವನ್ನು ಲಾಕ್‌ನಿಂದ ಲಾಕ್‌ಗೆ ತಿರುಗಿಸಿ, ಮತ್ತೆ ಪಂಪ್ ಮಾಡಿ. ಸೀಲ್ ಪಕ್ಕದಿಂದ ಹೊಸ ಗ್ರೀಸ್ ಹೊರಗೆ ಬರುವುದು ಕಾಣಬೇಕು. ಕಾಣದಿದ್ದರೆ ಗ್ರೀಸ್ ತುಂಬುವ ಬಾಯಿ, ಅಂದರೆ ನಿಪ್ಪಲ್ ಕಟ್ಟಿಕೊಂಡಿರಬಹುದು, ಹೊಸ ಟ್ರನಿಯನ್‌ನಲ್ಲಿ ನಿಪ್ಪಲ್‌ನ ತೂತು ಒಳಗಿನವರೆಗೆ ಕೊರೆದಿದೆಯಾ ಅಂತ ಒಂದು ತಂತಿ ಹಾಕಿ ನೋಡಿ. ಇದನ್ನು ಜೋಡಿಸುವ ಮುಂಚೆ ನೋಡಿದರೆ ಒಂದು ನಿಮಿಷದ ಕೆಲಸ, ಜೋಡಿಸಿದ ಮೇಲೆ ಒಂದು ಭಾನುವಾರ.

ಎಲ್ಲ ಸರಿಯಿದ್ದು ಚಕ್ರ ಕೈಯಲ್ಲಿ ಹಗುರವಾಗಿ ತಿರುಗಿದರೂ ರಸ್ತೆಯಲ್ಲಿ ಸ್ಟೇರಿಂಗ್ ವಾಪಸ್ ಬರದಿದ್ದರೆ ಟೈ ರಾಡ್ ಎಂಡ್‌ಗಳನ್ನು ಅನುಮಾನಿಸಿ. ಹೊಸವು ಕೆಲವೊಮ್ಮೆ ವಿಪರೀತ ಬಿಗಿ ಇರುತ್ತವೆ. ಆಮೇಲೆ ಟೊ-ಇನ್, ಅಂದರೆ ಮುಂದಿನ ಎರಡು ಚಕ್ರಗಳ ಮುಂದಿನ ಅಂಚು ಎಷ್ಟು ಒಳಕ್ಕೆ ತಿರುಗಿದೆ ಅನ್ನುವ ಅಳತೆ.

ಗಾಳಿಯಲ್ಲಿ ಬಿಗಿದ ಬುಷ್

ಲೋವರ್ ಆರ್ಮ್‌ನ ಒಳತುದಿ ಐ-ಬೋಲ್ಟ್ (ತುದಿಯಲ್ಲಿ ಬಳೆಯಿರುವ ಬೋಲ್ಟ್) ಸುತ್ತ ರಬ್ಬರ್ ಬುಷ್ ಮೇಲೆ ಕೂರುತ್ತದೆ. ಮೇಲಿನ ಟ್ರನಿಯನ್‌ಗೂ ರಬ್ಬರ್ ಬುಷ್. ಈ ಬುಷ್‌ಗಳು ಜಾರುವುದಿಲ್ಲ, ರಬ್ಬರ್ ತಿರುಚಿಕೊಂಡು ಆರ್ಮ್‌ಗೆ ಅವಕಾಶ ಕೊಡುತ್ತದೆ. ಆದ್ದರಿಂದ ನಟ್ ಬಿಗಿದ ಕ್ಷಣದಲ್ಲಿ ಆರ್ಮ್ ಯಾವ ಎತ್ತರದಲ್ಲಿತ್ತೋ ಅದೇ ರಬ್ಬರ್‌ಗೆ ನೆಮ್ಮದಿಯ ಜಾಗ. ಚಕ್ರ ನೇತಾಡುತ್ತಿರುವಾಗ ಬಿಗಿದರೆ, ಕಾರು ನೆಲಕ್ಕಿಳಿದ ಕೂಡಲೇ ರಬ್ಬರ್ ಪೂರ್ತಿ ತಿರುಚಿಕೊಳ್ಳುತ್ತದೆ. ಲಕ್ಷಣ ಹೇಗಿರುತ್ತದೆ ಅಂದರೆ, ಮುಂಭಾಗ ಬೇಕಾದ್ದಕ್ಕಿಂತ ಎತ್ತರ ನಿಲ್ಲುತ್ತದೆ, ಸಣ್ಣ ಗುಂಡಿಗೂ ಗಡಸಾಗಿ ಕುಪ್ಪಳಿಸುತ್ತದೆ, ಕೆಲವು ತಿಂಗಳಲ್ಲಿ ಬುಷ್ ಹರಿದು ಚೂರು ಉದುರುತ್ತದೆ. ಆಗ ಎಲ್ಲರೂ ಬೈಯುವುದು ಬುಷ್ ಮಾಡಿದವರನ್ನು.

ಪರೀಕ್ಷೆ ಸುಲಭ. ಕಾರನ್ನು ಸಮ ನೆಲದಲ್ಲಿ ನಿಲ್ಲಿಸಿ ಮುಂದಿನ ಬಂಪರ್ ಕೆಲವು ಸಲ ಒತ್ತಿ ಬಿಟ್ಟು, ಎತ್ತರ ಅಳೆದು ಬರೆದುಕೊಳ್ಳಿ. ಆ ಬುಷ್ ನಟ್‌ಗಳನ್ನು ಅರ್ಧ ಸುತ್ತು ಸಡಿಲ ಮಾಡಿ, ಮತ್ತೆ ಕುಲುಕಿ, ಅಳೆಯಿರಿ. ಅಳತೆ ಬದಲಾದರೆ ಕಾರಣ ಸಿಕ್ಕಿತು. ಚಕ್ರದ ಮೇಲೆ ಕಾರಿನ ಪೂರ್ತಿ ಭಾರ ಬಿದ್ದಿರುವಾಗಲೇ ಮತ್ತೆ ಬಿಗಿಯಿರಿ, ಸ್ಪ್ಲಿಟ್ ಪಿನ್ ಹಾಕಿ. ಮುಂದಿನ ಚಕ್ರಗಳ ಕೆಳಗೆ ರ‍್ಯಾಂಪ್ ಇದ್ದರೆ ಕೈ ಆಡಿಸಲು ಅನುಕೂಲ.

ಬುಷ್ ಒಳಗೆ ಹೋಗದಿದ್ದರೆ ಸೋಪಿನ ನೀರು ಹಚ್ಚಿ. ಗ್ರೀಸ್, ಇಂಜಿನ್ ಆಯಿಲ್ ಹಚ್ಚಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಪಾಲಿಯುರಿಥೇನ್ ಬುಷ್ ಹಾಕಿದವರ ಕಥೆ ಬೇರೆ, ಅವು ಜಾರುವ ಬುಷ್‌ಗಳು, ಅವುಗಳ ಜೊತೆ ಬರುವ ಗ್ರೀಸ್ ಹಚ್ಚದಿದ್ದರೆ ಕೀಚ್ ಕೀಚ್ ಅನ್ನುತ್ತವೆ. ಸುಮ್ನೆ ಮನೆ ಮಠ ಅಂತ ಓಡಿಸುವ ಮೈನರ್‌ಗೆ ರಬ್ಬರೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ನಮ್ಮ ರಸ್ತೆಗಳಲ್ಲಿ ಮೈನರ್‌ನ ಸುಖವೇ ಆ ಮೆತ್ತನೆಯ ಓಟ, ಅದನ್ನು ಕಳೆದುಕೊಂಡರೆ ಉಳಿಯುವುದೇನು? ಇನ್ನು ಲೇತ್‌ನಲ್ಲಿ ನೈಲಾನ್ ಬುಷ್ ಮಾಡಿಸುವ ಐಡಿಯಾ ದಯವಿಟ್ಟು ಬೇಡ. ನೈಲಾನ್ ತಿರುಚಿಕೊಳ್ಳುವುದಿಲ್ಲ, ಹೊಡೆತವೆಲ್ಲ ನೇರವಾಗಿ ಚಾಸಿಯ ತೂತಿಗೆ ಹೋಗುತ್ತದೆ.

ಬ್ರೇಕ್ ಒತ್ತಿದಾಗ ಟಕ್

ಲೋವರ್ ಆರ್ಮ್‌ನಿಂದ ಮುಂದಕ್ಕೆ ಚಾಸಿಗೆ ಒಂದು ಟೈ ಬಾರ್ ಹೋಗುತ್ತದೆ. ಸ್ಟೇರಿಂಗ್‌ನ ಟೈ ರಾಡ್ ಬೇರೆ, ಇದು ಬೇರೆ, ಗೊಂದಲ ಬೇಡ. ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ಹೋಗದಂತೆ ಎಳೆದು ಹಿಡಿಯುವುದು ಇದರ ಕೆಲಸ. ಮುಂದಿನ ತುದಿಯಲ್ಲಿ ಚಾಸಿ ಬ್ರಾಕೆಟ್‌ನ ಆಚೆ ಈಚೆ ಎರಡು ರಬ್ಬರ್. ಆ ರಬ್ಬರ್ ಹೋದರೆ, ಅಥವಾ ಒಂದು ವಾಷರ್ ಉಲ್ಟಾ ಕೂತಿದ್ದರೆ, ಅಥವಾ ನಟ್ ಬಿಗಿಯುವುದನ್ನೇ ಮರೆತಿದ್ದರೆ, ಬ್ರೇಕ್ ಒತ್ತಿದ ಪ್ರತಿ ಸಲ ಒಂದು ಟಕ್, ಬಿಟ್ಟಾಗ ಇನ್ನೊಂದು ಟಕ್. ಒಂದೇ ಕಡೆ ಹೋಗಿದ್ದರೆ ಬ್ರೇಕ್ ಹಾಕಿದಾಗ ಕಾರು ಆ ಕಡೆಗೆ ಎಳೆಯಲೂಬಹುದು, ಡ್ರಮ್ ಬಿಚ್ಚಿ ಲೈನಿಂಗ್ ಉಜ್ಜುತ್ತಾ ಕೂರುವ ಮುಂಚೆ ಇದನ್ನು ನೋಡಿ.

ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ಮುಂದೆ ಹೋಗಿ ಬ್ರೇಕ್, ಹಿಂದೆ ಬಂದು ಬ್ರೇಕ್ ಹಾಕಿಸಿ. ನೀವು ದೂರ ನಿಂತು ಪಕ್ಕದಿಂದ ನೋಡಿ. ಮಡ್‌ಗಾರ್ಡ್ ಅಂಚಿಗೆ ಹೋಲಿಸಿದರೆ ಚಕ್ರ ಹಿಂದೆ ಮುಂದೆ ಜರುಗುವುದು ಕಣ್ಣಿಗೇ ಕಾಣುತ್ತದೆ. ಕಾಣದಿದ್ದರೆ ಟೈ ಬಾರ್ ನಟ್‌ನಿಂದ ಬ್ರಾಕೆಟ್‌ವರೆಗೆ ಸೀಮೆಸುಣ್ಣದ ಗೆರೆ ಎಳೆದು, ಓಡಿಸಿ ಬಂದು ಗೆರೆ ಮುರಿದಿದೆಯಾ ನೋಡಿ. ಬ್ರಾಕೆಟ್ ಕೂತಿರುವ ಚಾಸಿ ತಗಡನ್ನೂ ಸ್ಕ್ರೂ ಡ್ರೈವರ್‌ನಿಂದ ಚುಚ್ಚಿ ನೋಡಿ.

ತುಕ್ಕಿನ ಮಾತು ಬಂತು. ಮೈನರ್‌ಗೆ ಬೇರೆ ಚಾಸಿ ಇಲ್ಲ, ಬಾಡಿಗೇ ಬೆಸೆದ ತಗಡಿನ ಪೆಟ್ಟಿಗೆ ಅಷ್ಟೇ. ಐ-ಬೋಲ್ಟ್ ಹಾದು ಹೋಗುವ ಜಾಗ, ಟಾರ್ಶನ್ ಬಾರ್‌ನ ಹಿಂದಿನ ತುದಿ ಕೂತಿರುವ ಕ್ರಾಸ್ ಮೆಂಬರ್, ಇವೆರಡು ತುಕ್ಕು ಹಿಡಿದಿದ್ದರೆ ಮೇಲೆ ಹೇಳಿದ ಯಾವ ಪಾರ್ಟೂ ಪ್ರಯೋಜನ ಇಲ್ಲ. ಆರ್ಮ್ ಬುಡವೇ ಅಲುಗುತ್ತಿರುತ್ತದೆ. ಮೊದಲು ವೆಲ್ಡಿಂಗ್.

ಒಂದು ಕಡೆ ತಗ್ಗಿದೆ

ಟಾರ್ಶನ್ ಬಾರ್‌ಗಳಿಗೆ ಎಡ ಬಲ ಇದೆ. ವರ್ಷಗಟ್ಟಲೆ ಒಂದೇ ದಿಕ್ಕಿಗೆ ತಿರುಚಿಕೊಂಡ ಬಾರನ್ನು ಇನ್ನೊಂದು ಕಡೆ ಹಾಕಿದರೆ ಕುಗ್ಗಬಹುದು, ಮುರಿಯಲೂಬಹುದು. ತೆಗೆಯುವಾಗಲೇ ಬಣ್ಣದಿಂದ ಗುರುತು ಹಾಕಿ. ಪಂಚ್, ಫೈಲ್, ಗರಗಸದ ಗೆರೆ ಬೇಡ, ಸಣ್ಣ ಗೀರು ಬಿದ್ದರೂ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ. ಇದೇ ಕಾರಣಕ್ಕೆ ಬಾರನ್ನು ಹಿಡಿಯಲು ಪೈಪ್ ರೆಂಚ್ ಹಾಕುವ ಮೆಕ್ಯಾನಿಕ್ ಕೈಗೆ ಕೊಡಬೇಡಿ.

ಎತ್ತರ ಸರಿ ಮಾಡುವುದು ತುದಿಯ ಸ್ಪ್ಲೈನ್‌ಗಳಲ್ಲಿ ಬಾರನ್ನು ಬೇರೆ ಹಲ್ಲಿಗೆ ಕೂರಿಸಿ. ಆದರೆ ಅದಕ್ಕೆ ಕೈ ಹಾಕುವ ಮುಂಚೆ ತಪ್ಪು ನಿಜಕ್ಕೂ ಮುಂಭಾಗದ್ದೇನಾ ನೋಡಿ. ಹಿಂದಿನ ಎಡಗಡೆ ಲೀಫ್ ಸ್ಪ್ರಿಂಗ್ ಕುಗ್ಗಿದ್ದರೆ ಕಾರು ಎಡಕ್ಕೆ ವಾಲಿ, ಮುಂದಿನ ಬಲಗಡೆ ಎತ್ತರ ಕಾಣುತ್ತದೆ. ಹಿಂದಿನ ಆಕ್ಸಲ್ ಅನ್ನು ಸರಿಯಾಗಿ ಮಧ್ಯದಲ್ಲಿ, ಡಿಫರೆನ್ಷಿಯಲ್ ಕೆಳಗೆ ಜ್ಯಾಕ್ ಕೊಟ್ಟು, ಹಿಂದಿನ ಚಕ್ರ ನೆಲ ಬಿಡುವಷ್ಟು ಎತ್ತಿ. ಒಂದೇ ಬಿಂದುವಿನ ಮೇಲೆ ನಿಂತಾಗ ಹಿಂಭಾಗ ಕಾರನ್ನು ವಾಲಿಸಲಾರದು. ಈಗಲೂ ಮುಂದೆ ಒಂದು ಕಡೆ ತಗ್ಗಿದ್ದರೆ ಟಾರ್ಶನ್ ಬಾರ್ ಕೆಲಸ. ನೇರ ನಿಂತರೆ ಲೀಫ್ ಸ್ಪ್ರಿಂಗ್ ಅಂಗಡಿಗೆ ಹೋಗಿ.

ಶಾಕ್ ಅಬ್ಸಾರ್ಬರ್ ಕುಗ್ಗಿದೆ ಅದಕ್ಕೇ ತಗ್ಗಿದೆ ಅನ್ನುವವರಿಗೆ ಒಂದೇ ಉತ್ತರ, ಲಿವರ್ ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ. ಅದರ ಸ್ಥಿತಿ ನೋಡಬೇಕಾದರೆ ಕೈಯನ್ನು ಟ್ರನಿಯನ್‌ನಿಂದ ಬಿಡಿಸಿ (ಲೋವರ್ ಆರ್ಮ್ ಕೆಳಗೆ ಜ್ಯಾಕ್ ಇರಲಿ), ಮೇಲೆ ಕೆಳಗೆ ನಿಧಾನವಾಗಿ ಪೂರ್ತಿ ಆಡಿಸಿ. ಉದ್ದಕ್ಕೂ ಒಂದೇ ಸಮ ತಡೆ ಇರಬೇಕು. ನಡುವೆ ಒಂದು ಜಾಗದಲ್ಲಿ ತಡೆಯೇ ಇಲ್ಲದೆ ಜಾರಿದರೆ ಎಣ್ಣೆ ಕಮ್ಮಿ, ಒಳಗೆ ಗಾಳಿ ಸೇರಿದೆ. ಮೇಲಿನ ಪ್ಲಗ್ ಸುತ್ತಲಿನ ಮಣ್ಣನ್ನು ಮೊದಲು ಒರೆಸಿ, ತೆಗೆದು, ಶಾಕ್ ಅಬ್ಸಾರ್ಬರ್ ಎಣ್ಣೆ ತುಂಬಿಸುತ್ತಾ ಕೈ ಆಡಿಸುತ್ತಿರಿ. ಇಂಜಿನ್ ಆಯಿಲ್ ಹಾಕಬೇಡಿ.

ಒಂದೇ ಕಡೆಗೆ ಎಳೆಯುತ್ತದೆ

ಮುಂದಿನ ಎರಡು ಚಕ್ರಗಳನ್ನು ಎಡ ಬಲ ಅದಲು ಬದಲು ಮಾಡಿ ಓಡಿಸಿ. ಎಳೆತವೂ ದಿಕ್ಕು ಬದಲಾಯಿಸಿದರೆ ಟೈರ್. ಬದಲಾಗದಿದ್ದರೆ ಓಡಿಸಿ ಬಂದ ಕೂಡಲೇ ಎರಡೂ ಡ್ರಮ್ ಹತ್ತಿರ ಕೈ ಹಿಡಿಯಿರಿ, ಒಂದು ಜಾಸ್ತಿ ಬಿಸಿ ಇದ್ದರೆ ಬ್ರೇಕ್ ಹಿಡಿಯುತ್ತಿದೆ, ಹಳೆಯ ಬ್ರೇಕ್ ಹೋಸ್ ಒಳಗೊಳಗೇ ಉಬ್ಬಿ ಎಣ್ಣೆ ವಾಪಸ್ ಬಿಡದಿರುವುದು ಸಾಮಾನ್ಯ. ಇವೆರಡೂ ಅಲ್ಲ ಅಂದರೆ ಅಲೈನ್‌ಮೆಂಟ್.

ಪಾರ್ಟ್ ಎಲ್ಲಿ ಸಿಗುತ್ತದೆ ಅಂತ ಕೇಳುವವರಿಗೆ: ಬೇರಿಂಗ್, ಗ್ರೀಸ್ ನಿಪ್ಪಲ್, ನಟ್ ಬೋಲ್ಟ್, ಬ್ರೇಕ್ ಹೋಸ್ ಇಂಥವಕ್ಕೆ ಬೆಂಗಳೂರಿನ ಜೆ.ಸಿ. ರೋಡ್‌ಗೆ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ನಂಬರ್ ನೋಡಿ ಕೊಡುತ್ತಾರೆ. ಕಿಂಗ್ ಪಿನ್, ಟ್ರನಿಯನ್‌ಗೆ ಮೈನರ್ ಪಾರ್ಟ್‌ಗಳನ್ನೇ ಮಾರುವ ಇಂಗ್ಲೆಂಡಿನ ಅಂಗಡಿಗಳೇ ಗತಿ. ಗುಜರಿಯಲ್ಲಿ ಸಿಕ್ಕ ಟ್ರನಿಯನ್ ಎಷ್ಟೇ ಚೆನ್ನಾಗಿ ಕಂಡರೂ, ಇನ್ನೊಂದು ಕಾರಿನ ಪಿನ್ ಜೊತೆ ಸವೆದದ್ದು ಅದು. ಟರ್ನರ್ ಹತ್ತಿರ ಥ್ರೆಡ್ ಕೊಯ್ಸುವವರೂ ಇದ್ದಾರೆ. ಕೈಚಳಕದ ಬಗ್ಗೆ ನನಗೆ ಅನುಮಾನ ಇಲ್ಲ, ಅವರು ಹಾಕುವ ಉಕ್ಕು ಯಾವುದು ಅನ್ನುವುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

ಕೊನೆಗೆ ಅಲೈನ್‌ಮೆಂಟ್. ಅಂಗಡಿಯ ಕಂಪ್ಯೂಟರ್‌ನಲ್ಲಿ ಮಾರಿಸ್ ಮೈನರ್ ಇರುವುದಿಲ್ಲ, ಹುಡುಗರು ಯಾವುದೋ ಹ್ಯಾಚ್‌ಬ್ಯಾಕ್ ಆಯ್ಕೆ ಮಾಡಿ ಹಸಿರು ಬರಿಸಿ ಕಳಿಸುತ್ತಾರೆ. ಅಳತೆ ನೀವೇ ಚೀಟಿಯಲ್ಲಿ ಬರೆದುಕೊಂಡು ಹೋಗಿ: ಒಟ್ಟು ಟೊ-ಇನ್ 3/32 ಇಂಚು, ಅಂದರೆ ಸುಮಾರು 2.4 ಮಿಲಿಮೀಟರ್. ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು), ಕ್ಯಾಸ್ಟರ್ (ಕಿಂಗ್ ಪಿನ್ ಮುಂದಕ್ಕೋ ಹಿಂದಕ್ಕೋ ವಾಲಿರುವುದು) ತಿರುಗಿಸಲು ಈ ಕಾರಿನಲ್ಲಿ ವ್ಯವಸ್ಥೆಯೇ ಇಲ್ಲ, ಅವು ತಪ್ಪಿದ್ದರೆ ಬುಷ್, ಬಾಗಿದ ಆರ್ಮ್ ಅಥವಾ ಚಾಸಿ ನೋಡಬೇಕು. ಟೊ-ಇನ್ ಸರಿ ಮಾಡುವಾಗ ಎಡ ಬಲ ಎರಡೂ ಟೈ ರಾಡ್‌ಗಳನ್ನು ಸಮವಾಗಿ ತಿರುಗಿಸಲು ಹೇಳಿ. ಒಂದೇ ಕಡೆ ತಿರುಗಿಸಿದರೆ ರ‍್ಯಾಕ್ ಮಧ್ಯದಿಂದ ಸರಿದು ಒಂದು ಕಡೆಯ ಕಟ್ ಕಮ್ಮಿಯಾಗುತ್ತದೆ. ಲಾಕ್ ನಟ್ ಬಿಗಿಯುವಾಗ ರ‍್ಯಾಕ್‌ನ ರಬ್ಬರ್ ಬೂಟ್ ತಿರುಚಿಕೊಂಡಿದೆಯಾ ಅಂತ ಬಗ್ಗಿ ನೋಡಿ. ಸ್ವಲ್ಪ ದಿನ ಓಡಿಸಿ ಹೊಸ ರಬ್ಬರ್ ಕೂತ ಮೇಲೆ ಇನ್ನೊಮ್ಮೆ ಅಳತೆ ಹಿಡಿಸಿ, ಅದೇ ದಿನ ಚಕ್ರ ಎತ್ತಿ ಟ್ರನಿಯನ್‌ಗಳಿಗೆ ಗ್ರೀಸ್ ಹೊಡೆಯಿರಿ. ಆಮೇಲೆ ಸಾವಿರ ಮೈಲಿಗೊಮ್ಮೆ, ಅಂದರೆ 1,600 ಕಿಲೋಮೀಟರ್‌ಗೊಮ್ಮೆ. ಮಳೆಗಾಲದಲ್ಲಿ ನೀರು ನಿಂತ ರಸ್ತೆಯಲ್ಲಿ ಓಡಿಸಿದ್ದರೆ ಅಷ್ಟು ದಿನ ಕಾಯಬೇಡಿ.